ಮೇಲಿನ ಮನೆಯ ಎರಡು ಕುಕ್ಕರು

ಕರ್ಪೂರ ಕಂಡರೆ ಎಲ್ಲರೂ ಬೆಂಕಿಪೊಟ್ಟಣ ಹುಡುಕುತ್ತಾರೆ. ನಮ್ಮ ಮೇಲಿನ ಮನೆಯ ಮೇಡಂ ನೀರು ಹುಡುಕುತ್ತಿದ್ದರು. ಅಗಲವಾದ ತಟ್ಟೆಗೆ ನೀರು ಸುರಿದು, ಬಿಲ್ಲೆಯಿಂದ ಸಾಸಿವೆಯಷ್ಟು ಚೂರು ಮುರಿದು, ಇಕ್ಕಳದಲ್ಲಿ ಹಿಡಿದು ನೀರಿನ ಮೇಲೆ ಮೆಲ್ಲಗೆ ಬಿಡುವರು. ನೀರು ಚೊಕ್ಕಟವಾಗಿದ್ದರೆ ಆ ಚೂರು ತನಗೆ ತಾನೇ ಗಿರಗಿರ ಸುತ್ತುತ್ತ ತಟ್ಟೆಯ ತುಂಬ ಓಡಾಡುತ್ತದೆ. ಎಣ್ಣೆಗೈ ಒಂದಿಷ್ಟು ಸೋಕಿದ್ದರೂ ಸಾಕು, ಇದ್ದಲ್ಲೇ ನಿಂತುಬಿಡುತ್ತದೆ. ಆಗ ಮೇಡಂ ತಲೆಯೆತ್ತಿ ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿ, "ಯಾರು ಮುಟ್ಟಿದ್ದು?" ಎಂದು ಕೇಳುವರು. ನಾನಂತೂ ಮುಟ್ಟದೇ ಇದ್ದಾಗಲೂ ಮುಟ್ಟಿದವಳ ಮುಖ ಮಾಡಿಕೊಂಡು ನಿಲ್ಲುತ್ತಿದ್ದೆ.

ಕಳೆದ ತಿಂಗಳು ಅವರ ಅಣ್ಣನ ಮಗ ಫೋನ್ ಮಾಡಿ, "ಆಂಟಿ, ನಮ್ಮತ್ತೆ ಹೋಗ್ಬಿಟ್ರು" ಎಂದ. ನಾವು ಬಸವೇಶ್ವರನಗರದ ಅವರ ಮನೆಯ ಕೆಳಗಿನ ಪೋರ್ಷನ್ ಬಿಟ್ಟು ಕೆಂಗೇರಿ ಉಪನಗರಕ್ಕೆ ಬಂದು ವರ್ಷಗಳೇ ಆಗಿವೆ. ಆದರೂ ಆ ಮಾತು ಕೇಳಿದಾಗ, ಕೆಳಗೆ ಕೂತವಳಿಗೆ ಮೇಲಿನ ಮನೆಯ ಸದ್ದು ನಿಂತುಹೋದ ಹಾಗೆ ಆಯಿತು. ಮಣ್ಣು ಮುಗಿಸಿ ಬಂದ ಮೇಲೆ ಆ ಹುಡುಗ ಅಟ್ಟದಿಂದ ಸಾಮಾನು ಇಳಿಸುತ್ತಿದ್ದ. ಬೆಳ್ಳಗಿನ, ಅಗಲವಾದ, ಆಳವಿಲ್ಲದ ತೊಟ್ಟಿಯೊಂದನ್ನು ತೋರಿಸಿ, "ಇದು ಕೇಕ್ ಮಾಡೋ ಟ್ರೇ ಅನ್ಸುತ್ತೆ ಆಂಟಿ. ಅತ್ತೆ ಯಾವಾಗ ಕೇಕ್ ಮಾಡ್ತಿದ್ರೋ ಕಾಣೆ. ಬೇಕಾದ್ರೆ ತಗೊಂಡ್ಹೋಗಿ" ಎಂದ. ಸಾವಿನ ಮನೆಯಲ್ಲಿ ನಗಬಾರದು ಎಂದು ಗೊತ್ತಿದ್ದೂ ನನಗೆ ನಗು ಬಂತು. ಅಳುವೂ ಬಂತು. ತೊಟ್ಟಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಸ್ಕೂಟರಿನ ಮೇಲೆ ತಂದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಗೇಟಿಗೆ ಒಂದು ಹೆಸರಿನ ಬೋರ್ಡು ಹಾಕಿಸಿ ಎಂದು ನಮ್ಮವರು ಒಮ್ಮೆ ಸಲಹೆ ಕೊಟ್ಟಾಗ, "ಮನೆ ನಂಬರ್ ಇದೆಯಲ್ಲ ಸಾರ್, ಸಾಲಲ್ವಾ?" ಎಂದಿದ್ದವರು ಅವರು. ಬೀದಿಯವರಿಗೆ ಅವರು 'ಒಣಗೂದಲ ಮೇಡಂ'. ಕೆಲಸದ ದಿನಗಳಲ್ಲಿ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ, ಹೂ ಮುಡಿಯುತ್ತಿರಲಿಲ್ಲ, ಮುಖಕ್ಕೆ ಕ್ರೀಮು ಸವರುತ್ತಿರಲಿಲ್ಲ. ರಾಜಾಜಿನಗರದ ಕಡೆಯ ಒಂದು ಕಾಲೇಜಿನಲ್ಲಿ ಅವರು ಪಾಠ ಹೇಳುತ್ತಿದ್ದರು. ಅಲ್ಲಿನ ಅವರ ಪುಟ್ಟ ಪ್ರಯೋಗಶಾಲೆಗೂ ಎಣ್ಣೆತಲೆಯವರಿಗೆ ಪ್ರವೇಶವಿರಲಿಲ್ಲ. ಮಂತ್ರಿಗಳು ಬಂದರೂ ತಲೆ ತೊಳೆದುಕೊಂಡೇ ಬರಬೇಕು ಎಂದು ಅವರ ವಿದ್ಯಾರ್ಥಿಗಳು ತಮಾಷೆ ಮಾಡುತ್ತಿದ್ದರಂತೆ.

ಹೊಸದಾಗಿ ಮದುವೆಯಾಗಿ ನಾವು ಆ ಮನೆಗೆ ಬಂದಾಗ ಮೇಲೆ ಎರಡು ಸಂಸಾರ ಇದೆ ಎಂದುಕೊಂಡಿದ್ದೆ. ಬೆಳಿಗ್ಗೆ ಎರಡು ಕುಕ್ಕರ್ ಕೂಗುತ್ತಿದ್ದವು. ಒಂದು ದಪ್ಪ ದನಿಯದು, ಇನ್ನೊಂದು ಕೀರಲು. ಒಗ್ಗರಣೆಯ ವಾಸನೆಯೂ ಎರಡು ಸಲ ಇಳಿದು ಬರುತ್ತಿತ್ತು. ಮೊದಲು ಬೆಳ್ಳುಳ್ಳಿಯದು, ಆಮೇಲೆ ಇಂಗಿನದು. ಆದರೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವರು ಮೇಡಂ ಮತ್ತು ಅವರ ತಾಯಿ ಇಬ್ಬರೇ. ಮೇಡಂ ಮದುವೆಯಾಗಿರಲಿಲ್ಲ. ಅಜ್ಜಿ ರಾಣೆಬೆನ್ನೂರಿನ ಕಡೆಯವರು, ಗಂಡ ಹೋದ ಮೇಲೆ ಮಗಳ ಜೊತೆ ಇರಲು ಬಂದವರು. ಹಣೆಗೆ ಮೂರು ಬೆರಳಿನ ವಿಭೂತಿ, ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ ಬಿಳಿ ಕೂದಲು. ಮಗಳ ತಲೆಯ ಪಾಲಿನ ಎಣ್ಣೆಯನ್ನೂ ಅವರೇ ಹಚ್ಚಿಕೊಳ್ಳುತ್ತಿದ್ದಾರೇನೋ ಎನಿಸುವಷ್ಟು.

ಎರಡು ಕುಕ್ಕರಿನ ಸಂಗತಿ ನನಗೆ ಗೊತ್ತಾದದ್ದು ಅವರೆಕಾಯಿ ಕಾಲದಲ್ಲಿ. ಅಜ್ಜಿ ಮೆಟ್ಟಿಲ ಮೇಲೆ ಕೂತು ಕಾಯಿ ಬಿಡಿಸುತ್ತಿದ್ದರು, ನಾನೂ ಒಂದು ಮೊರ ಹಿಡಿದು ಜೊತೆಗೆ ಕೂತೆ. ಹರಟೆಯ ನಡುವೆ, ಇಬ್ಬರಿಗೆ ಎರಡು ಅಡುಗೆ ಯಾಕಜ್ಜಿ ಎಂದು ಕೇಳಿಬಿಟ್ಟೆ. ಅಜ್ಜಿ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಅಕಿ ಕೈ ಮಾಂಸ ಮುಟ್ಟೇತವ್ವಾ" ಎಂದರು. "ಲಿಂಗಪೂಜಿ ಮಾಡ್ಕೊಂಡು ಉಣ್ಣಾಕಿ ನಾನು. ಆ ಕೈಲಿ ಮಾಡಿದ್ದು ನನಗ ಇಳಿಯಂಗಿಲ್ಲ."

ನಡೆದದ್ದು ಇಷ್ಟು. ಮೇಡಂ ತಮ್ಮ ಕೆಲಸಕ್ಕಾಗಿ ಬೆಳಿಗ್ಗೆ ಬೆಳಿಗ್ಗೆ ಮಟನ್ ಅಂಗಡಿಗೆ ಹೋಗಿ ಆಗ ತಾನೇ ಕೊಯ್ದ ಕುರಿಯ ಶ್ವಾಸಕೋಶ ತರುತ್ತಿದ್ದರು. ಹಣೆಯಲ್ಲಿ ವಿಭೂತಿ ಇಟ್ಟುಕೊಂಡು ಸಾಲಿನಲ್ಲಿ ನಿಲ್ಲುವ ಈ ಹೆಂಗಸನ್ನು ಕಂಡು ಅಂಗಡಿಯವನಿಗೆ ಮೊದಮೊದಲು ಗಾಬರಿಯಾಗುತ್ತಿತ್ತಂತೆ. ಆಮೇಲೆ ಅಭ್ಯಾಸವಾಗಿ, "ಮೇಡಂ ಐಟಂ ತೆಗೆದಿಡೋ" ಎಂದು ದೂರದಿಂದಲೇ ಕೂಗುತ್ತಿದ್ದನಂತೆ. ಅದನ್ನು ಸ್ಟೀಲಿನ ಟಿಫಿನ್ ಕ್ಯಾರಿಯರಿನಲ್ಲಿ ಐಸು ತುಂಬಿ ಬಸ್ಸಿನಲ್ಲಿ ಒಯ್ಯುವರು. ಕಾಲೇಜಿನಲ್ಲಿ ಅದರೊಳಕ್ಕೆ ಉಪ್ಪುನೀರು ಹಾಯಿಸಿ ಹೊರತೆಗೆದರೆ, ಆ ನೀರಿನಲ್ಲಿ ಅವರಿಗೆ ಬೇಕಾದ ಪದಾರ್ಥ ಬರುತ್ತಿತ್ತು. ಒಂದು ದಿನ ಕಾಲೇಜಿಗೆ ದಿಢೀರನೆ ರಜ ಘೋಷಣೆಯಾಗಿ, ಮೇಡಂ ಕ್ಯಾರಿಯರನ್ನು ಹಾಗೆಯೇ ಮನೆಗೆ ತಂದು, ಐಸು ತರಲು ಮತ್ತೆ ಹೊರಗೆ ಹೋದರು. ಮಗಳು ಊಟ ಮಾಡದೆ ಡಬ್ಬಿ ವಾಪಸು ತಂದಿದ್ದಾಳೆ ಎಂದುಕೊಂಡು ಅಜ್ಜಿ ಮುಚ್ಚಳ ತೆಗೆದರು.

ಬೈಯಲಿಲ್ಲ, ಅಳಲಿಲ್ಲ. ಮಾರನೆಯ ದಿನ ತಮಗೊಂದು ಕುಕ್ಕರ್ ತರಿಸಿಕೊಂಡರು. ಇಬ್ಬರಿಗೂ ತಾನೇ ಮಾಡುತ್ತೇನೆ, ನೀನು ಒಲೆ ಮುಟ್ಟಬೇಡ ಎಂದರಂತೆ. ಅದಕ್ಕೆ ಮಗಳು, "ನಾ ಮಾಡಿದ್ದು ನೀ ಉಣ್ಣಂಗಿಲ್ಲ ಅಂದ್ರ, ನೀ ಮಾಡಿದ್ದು ನಾನೂ ಉಣ್ಣಂಗಿಲ್ಲ" ಎಂದರಂತೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಅಂದಿನಿಂದ ಒಂದೇ ಅಡುಗೆಮನೆಯಲ್ಲಿ ಎರಡು ಅಡುಗೆ. ಊಟಕ್ಕೆ ಮಾತ್ರ ಇಬ್ಬರೂ ಎದುರುಬದುರು ಕೂರುತ್ತಿದ್ದರು. ತಟ್ಟೆಗಳು ಒಂದನ್ನೊಂದು ಮುಟ್ಟದ ಹಾಗೆ ನಡುವೆ ನೀರಿನ ಚೊಂಬು ಇರುತ್ತಿತ್ತು.

ಹಟವೆಂದರೆ ಅಂಥ ಹಟ. ಒಮ್ಮೆ ಅಜ್ಜಿಗೆ ಜ್ವರ ಬಂದು ಅಡುಗೆ ಮಾಡಲಾಗದೆ, ಬೇಕರಿಯ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ನಾನು ನೋಡಲು ಹೋಗಿದ್ದೆ. ಮೇಡಂ ಬಾಗಿಲಲ್ಲಿ ನಿಂತು, "ಬೇಕರಿಯವನ ಕೈ ಏನೇನು ಮುಟ್ಟೇತಿ ಅಂತ ಕೇಳೀಯೇನಬೇ?" ಎಂದರು. ಅಜ್ಜಿ ಬ್ರೆಡ್ಡು ಅಗಿಯುತ್ತಲೇ, "ಅಂವ ನನ್ನ ಹೊಟ್ಟ್ಯಾಗ ಹುಟ್ಟಿಲ್ಲ" ಎಂದರು. ಮೇಡಂ ತಿರುಗಿ ಒಳಗೆ ಹೋದರು. ಆ ಮಾತು ಅವರಿಗೆ ಎಷ್ಟು ನೋವು ಮಾಡಿತೆಂದು ನನಗೆ ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಅಷ್ಟು ಹೊತ್ತಿಗೆ ಮೇಡಂ ಅವರ ಕೂದಲೂ ಬಿಳಿಯಾಗಿತ್ತು. ತಾಯಿ ಇರುವಷ್ಟರಲ್ಲಿ ಒಂದು ದಿನವಾದರೂ ತಮ್ಮ ಕೈಯ ಅನ್ನ ತಿನ್ನಬೇಕು ಎಂಬ ಆಸೆ ಅವರಿಗಿತ್ತು. ಬಾಯಿಬಿಟ್ಟು ಹೇಳುವ ಜಾತಿಯವರಲ್ಲ. ಆದರೆ ದಿನಾ ತಮಗೆ ಬೇಕಾದ್ದಕ್ಕಿಂತ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದರು. ಸಂಜೆ ಆ ಅನ್ನ ಕಾಗೆಗೆ ಹೋಗುತ್ತಿತ್ತು. ಕಾಂಪೌಂಡಿನ ಮೇಲೆ ಕಾಗೆಗಳಿಗೆ ಹಬ್ಬ.

ಈ ಕಥೆಯಲ್ಲಿ ನನಗೆ ಅರ್ಥವಾಗದೇ ಹೋದದ್ದು ಇನ್ನೊಂದು. ಅಜ್ಜಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚುತ್ತಿದ್ದವರು ಮೇಡಂ. ಅನ್ನಕ್ಕೆ ಆಗದ ಕೈ ಸೂಜಿಗೆ ಆಗುತ್ತಿತ್ತು. ಆ ಔಷಧಿಯ ಪುಟ್ಟ ಸೀಸೆಯನ್ನು ಮೇಡಂ ಎಂದೂ ಕುಲುಕುತ್ತಿರಲಿಲ್ಲ. ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ಹೊಸೆದ ಬತ್ತಿಯನ್ನು ಮತ್ತೆ ಹೊಸೆಯುವವರ ಹಾಗೆ ಮೆಲ್ಲಗೆ ಉರುಳಿಸುತ್ತ ನಿಲ್ಲುವರು. ಮುಖ ಕಿಟಕಿಯ ಕಡೆಗೆ. ಅಜ್ಜಿ ತೋಳು ಚಾಚಿಕೊಂಡು ಕಾಯುವರು. ಇವತ್ತಿಗೂ ಮೇಡಂ ಎಂದರೆ ನನ್ನ ಕಣ್ಣಿಗೆ ಬರುವುದು ಆ ಉರುಳಿಸುವ ಕೈಗಳೇ.

"ಯಾಕೆ ಮೇಡಂ, ಜೋರಾಗಿ ಕುಲುಕಿದ್ರೆ ಔಷಧಿ ಬೇಗ ಬೆರೆಯಲ್ವಾ?" ಎಂದು ಕೇಳಿದ್ದೆ.

"ಕುಲುಕಿದ್ರೆ ನೊರೆ ಬರುತ್ತೆ. ನೊರೆ ಅಂದ್ರೆ ಪೂರ್ತಿ ಮೇಲ್ಮೈ. ಇದು ಪ್ರೋಟೀನು ನೋಡಿ, ನೀರೊಳಗೆ ಇರೋವರೆಗೂ ಮಡಿಸಿಟ್ಟ ಸೀರೆ ಥರ ಇರುತ್ತೆ. ನೀರು ಮುಗಿದು ಗಾಳಿ ಶುರುವಾಗೋ ಜಾಗಕ್ಕೆ ಬಂತು ಅಂದ್ರೆ ಮಡಿಕೆ ಬಿಚ್ಚಿಕೊಳ್ಳುತ್ತೆ. ಆಮೇಲೆ ನೀವೇನು ಮಾಡಿದ್ರೂ ಮೊದಲಿನ ಮಡಿಕೆಗೆ ಕೂರಲ್ಲ. ಒಂದಕ್ಕೊಂದು ಗಂಟು ಹಾಕ್ಕೊಂಡು ಕೂತ್ಬಿಡುತ್ತೆ, ಔಷಧಿ ಕೆಲಸ ಮಾಡಲ್ಲ."

ನಾನು ಗೋವಿಂದರಾಜನಗರದ ಒಂದು ಶಾಲೆಯಲ್ಲಿ ಕನ್ನಡ ಹೇಳಿಕೊಡುವವಳು. ವಿಜ್ಞಾನವೆಂದರೆ ಹತ್ತನೇ ತರಗತಿಯಲ್ಲೇ ಕೈಮುಗಿದು ಬಂದವಳು. ಆದರೆ ಮೇಡಂ ಹೇಳಿದ್ದು ಮಾತ್ರ ತಲೆಯಲ್ಲಿ ಕೂರುತ್ತಿತ್ತು. ಅವರು ಇಡೀ ಜೀವಮಾನ ನೋಡಿದ್ದು ನೀರಿನ ಮೇಲ್ಮೈಯನ್ನು. ನೀರಿನ ಆಳವನ್ನಲ್ಲ, ಮೇಲಿನ ಗಾಳಿಯನ್ನೂ ಅಲ್ಲ, ಎರಡೂ ಸೇರುವ ಆ ಒಂದು ಪದರವನ್ನು. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಶಬ್ದ ಹೇಳಿ ಎಂದು ನನ್ನನ್ನು ಕೇಳುತ್ತಲೇ ಇದ್ದರು. ಅಂಚು, ಗಡಿ ಎಂದೆಲ್ಲ ಹೇಳಿ ನೋಡಿದೆ, ಒಪ್ಪಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಅಜ್ಜಿ, "ಹೊಸ್ತಿಲಾ ಅನ್ನು" ಎಂದರು. ಮೇಡಂ ಮುಖ ಅರಳಿತು. "ಸರಿ ಐತಿ ಅವ್ವಾ. ಹೊಸ್ತಿಲ ಮ್ಯಾಲ ಕುಂತವು ಹೆಂಗ ಇರ್ತಾವ ಅಂತ ನೋಡೋದು ನನ್ನ ಕೆಲಸ" ಎಂದರು. "ಹೊಸ್ತಿಲ ಮ್ಯಾಲ ಕುಂದ್ರಬಾರದು" ಎಂದು ಅಜ್ಜಿ ರೊಟ್ಟಿ ತಿರುವಿ ಹಾಕಿದರು. ಆ ಒಂದು ಬೆಳಿಗ್ಗೆ ತಾಯಿ ಮಗಳು ಕೂಡಿ ನಕ್ಕದ್ದನ್ನು ನಾನು ಕಂಡೆ.

ಅವರ ಪ್ರಯೋಗಶಾಲೆಗೆ ನಾನು ಹೋದದ್ದು ಒಂದೇ ಸಲ. ಮೇಡಂ ಕನ್ನಡಕ ಮರೆತು ಹೋಗಿದ್ದಾರೆ, ಶಾಲೆಗೆ ಹೋಗುವ ದಾರಿಯಲ್ಲಿ ಕೊಟ್ಟು ಬಾ ಎಂದು ಅಜ್ಜಿ ಕಳಿಸಿದ್ದರು. ರಾಜಾಜಿನಗರಕ್ಕೂ ಗೋವಿಂದರಾಜನಗರಕ್ಕೂ ಯಾವ ದಾರಿ ಒಂದಾಗುತ್ತದೋ ಅಜ್ಜಿಗೇ ಗೊತ್ತು. ಬಾಗಿಲಲ್ಲೇ ನನ್ನ ಜಡೆ ನೋಡಿ ಮೇಡಂ ಕೈ ಅಡ್ಡ ಹಿಡಿದರು. ಒಳಗೆ, ಮೊನ್ನೆ ಆ ಹುಡುಗ ಕೇಕಿನ ಟ್ರೇ ಎಂದ ಆ ಬಿಳಿ ತೊಟ್ಟಿಯ ತುಂಬ ನೀರು, ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿನಿ. ಅಂದು ಅವಳ ಪ್ರಯೋಗ ಎಷ್ಟನೆಯ ಸಲವೋ ಕೆಟ್ಟಿತ್ತು. ಹುಡುಗಿಯ ಕಣ್ಣು ತುಂಬಿತ್ತು. ಮೇಡಂ ಅವಳ ತೋಳು ಹಿಡಿದು ತೊಟ್ಟಿಯಿಂದ ದೂರ ಕರೆದುಕೊಂಡು ಬಂದು, "ಅಳೋದಿದ್ರೆ ಹೊರಗೆ ಹೋಗಿ ಅಳಮ್ಮ. ಕಣ್ಣೀರಲ್ಲೂ ಪ್ರೋಟೀನ್ ಇರುತ್ತೆ. ತೊಟ್ಟಿಗೆ ಒಂದು ಹನಿ ಬಿದ್ರೆ ನಾಳೆ ಕೆಲಸಾನೂ ಹೋಗುತ್ತೆ" ಎಂದರು. ಎಂಥ ಕಲ್ಲುಹೃದಯ ಎಂದುಕೊಂಡೆ. ಆದರೆ ಅವಳ ಜೊತೆ ತಾವೂ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತರು. ಅವಳು ಅತ್ತು ಮುಗಿಸುವವರೆಗೂ ಕಾದು, ಕರವಸ್ತ್ರ ಕೊಟ್ಟು, ಮುಖ ತೊಳೆಸಿ ಒಳಗೆ ಕರೆದುಕೊಂಡು ಹೋದರು. ನಾನೊಬ್ಬಳು ಕನ್ನಡಕ ಹಿಡಿದುಕೊಂಡು ನಿಂತೇ ಇದ್ದೆ.

ಏನು ಕೆಲಸ ಅದು ಎಂದು ಕೇಳಿದಾಗ ಬಸ್ಸಿನ ಲೆಕ್ಕದಲ್ಲಿ ಹೇಳಿದ್ದರು. ಶ್ವಾಸಕೋಶದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಚೀಲಗಳಿವೆ. ಅವುಗಳ ಒಳಮೈ ಒದ್ದೆ. ಆ ನೀರಿನ ಮೇಲ್ಮೈಯಲ್ಲಿ ಒಂದು ಜಿಡ್ಡಿನ ಪೊರೆ ಹರಡಿಕೊಂಡಿರುತ್ತದೆ, ಅದು ಇದ್ದರೇ ಉಸಿರು. ಏಟು ಬಿದ್ದೋ ಕಾಯಿಲೆಯಾಗಿಯೋ ಒಳಗೆ ರಕ್ತ ಸೋರಿದರೆ, ರಕ್ತದ ಪ್ರೋಟೀನುಗಳು ನುಗ್ಗಿ ಬಂದು ಆ ಜಾಗ ಹಿಡಿದುಬಿಡುತ್ತವೆ. "ಮೆಜೆಸ್ಟಿಕ್‌ನಲ್ಲಿ ಸೀಟು ಹಿಡಿಯೋ ಥರ. ಕಿಟಕಿಯಿಂದ ಟವೆಲ್ ಹಾಕಿದವನಿಗೆ ಸೀಟು. ನ್ಯಾಯವಾಗಿ ಕೂರಬೇಕಾದವರು ನಿಂತಿರ್ತಾರೆ. ಅವರನ್ನ ಮತ್ತೆ ಕೂರಿಸೋದು ಹೇಗೆ ಅನ್ನೋದೇ ಪ್ರಶ್ನೆ" ಎಂದಿದ್ದರು. ಈ ಮಾತನ್ನು ತಾಯಿಗೂ ಹೇಳಿ ನೋಡಿದ್ದರಂತೆ. ಮಕ್ಕಳ ಉಸಿರಿಗೂ ಇದೇ ಪೊರೆ ಬೇಕು ಅವ್ವಾ ಎಂದರೆ, "ಕೂಸಿನ ಉಸಿರು ಶಿವ ಕೊಡ್ತಾನ, ಕುರಿ ಕೊಡ್ತದೇನು? ಸುಳ್ಳು ಹೇಳಬ್ಯಾಡ" ಎಂದು ಅಜ್ಜಿ ಮಾತು ಮುಗಿಸಿದ್ದರು.

ಆಮೇಲೆ ನಮ್ಮ ಇಂಚರ ಹುಟ್ಟಿದಳು. ಹುಟ್ಟಬೇಕಾದ್ದಕ್ಕಿಂತ ಬಹಳ ಮೊದಲೇ, ಏಳನೇ ತಿಂಗಳಲ್ಲಿ. ವಿಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ. ಅಂಗೈಗಿಂತ ಸ್ವಲ್ಪ ದೊಡ್ಡದಾಗಿದ್ದ ಮಗು ಉಸಿರೆಳೆದಾಗಲೆಲ್ಲ ಎದೆಗೂಡು ಒಳಕ್ಕೆ ಗುಳಿ ಬೀಳುತ್ತಿತ್ತು. ನನಗೆ ಒಂದು ಕ್ಷಣ ತೋರಿಸಿ ತೆಗೆದುಕೊಂಡು ಹೋದರು. ಶ್ವಾಸಕೋಶ ಇನ್ನೂ ತಯಾರಾಗಿಲ್ಲ, ಒಂದು ಔಷಧಿ ಕೊಳವೆಯಲ್ಲಿ ಒಳಗೆ ಬಿಡಬೇಕು ಎಂದು ಡಾಕ್ಟರ್ ನಮ್ಮವರಿಗೆ ಹೇಳಿದರು. "ಇದು ದನದ ಶ್ವಾಸಕೋಶದಿಂದ ತೆಗೆದಿದ್ದು. ಕೆಲವರು ಆಮೇಲೆ ಕೇಳ್ತಾರೆ, ಅದಕ್ಕೆ ಮೊದಲೇ ಹೇಳ್ತಿದೀನಿ" ಎಂದೂ ಹೇಳಿದರು. ನಮ್ಮವರು ಸಹಿ ಮಾಡಿ, ಯಾರಿಗೆ ಫೋನ್ ಮಾಡುವುದೆಂದು ತಿಳಿಯದೆ ಮೇಡಂಗೆ ಮಾಡಿದರು.

ಅವರು ಆಟೋದಲ್ಲಿ ಬಂದರು. ನನ್ನ ಮಂಚದ ಪಕ್ಕ ಕೂತು, ಹಣ್ಣು ತಂದಿದ್ದ ತೆಳ್ಳನೆಯ ಪ್ಲಾಸ್ಟಿಕ್ ಕವರನ್ನು ಖಾಲಿ ಮಾಡಿ, ಒಳಗೆ ಒಂದಿಷ್ಟು ನೀರು ಹಾಕಿ ಚೆಲ್ಲಿ ನನ್ನ ಕೈಗೆ ಕೊಟ್ಟರು. "ಬಾಯಿ ಬಿಡಿಸಿ ನೋಡಿ" ಎಂದರು. ಒದ್ದೆಯಾದ ಕವರು ಒಳಗೊಳಗೇ ಅಂಟಿಕೊಂಡಿತ್ತು, ಬಿಡಿಸಲಾಗಲಿಲ್ಲ. "ಮಗು ಪ್ರತಿ ಸಲ ಉಸಿರು ಬಿಟ್ಟಾಗಲೂ ಒಳಗೆ ಹೀಗಾಗ್ತಾ ಇದೆ. ಅವಳು ಪಾಪ ಪ್ರತಿ ಸಲಾನೂ ಬಿಡಿಸ್ತಾ ಇದಾಳೆ. ಆ ಪೊರೆ ಒಂದು ಹರಡಿಕೊಂಡ್ರೆ ಅಂಟಲ್ಲ. ಅವಳ ಮೈ ತಾನೇ ಪೊರೆ ಮಾಡಿಕೊಳ್ಳೋವರೆಗೆ ಇದು ಸಾಲ ಅಷ್ಟೆ" ಎಂದರು. ಹೆದರಬೇಡಿ ಎಂದು ಒಂದು ಸಲವೂ ಹೇಳಲಿಲ್ಲ. ಎಲ್ಲರೂ ಅದನ್ನೇ ಹೇಳುತ್ತಿದ್ದುದರಿಂದ ನನಗೆ ಅವರು ಹೇಳದೇ ಇದ್ದದ್ದೇ ಧೈರ್ಯವಾಯಿತು.

ಹೊರಗೆ ನಡೆದದ್ದನ್ನು ನಮ್ಮವರು ಹೇಳಿದ್ದು. ಮಕ್ಕಳ ಕೋಣೆಯ ಗಾಜಿನ ಆಚೆ ನರ್ಸ್ ಒಬ್ಬಳು ಆ ಔಷಧಿಯ ಸೀಸೆ ಹಿಡಿದು ನಿಂತಿದ್ದಳಂತೆ. ಹಾಲಿನಂಥ ಬಿಳಿ ದ್ರವ. ಮೇಡಂ ಗಾಜಿಗೆ ಮುಖ ಹಚ್ಚಿ, "ಕುಲುಕಬೇಡಮ್ಮ" ಎಂದರಂತೆ. ಅವಳಿಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಫ್ರಿಜ್ಜಿನಿಂದ ತೆಗೆದ ಸೀಸೆಯನ್ನು ಬೆಚ್ಚಗೆ ಮಾಡಲು ಅವಳು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಮೆಲ್ಲಗೆ ಉರುಳಿಸುತ್ತಿದ್ದಳು. ಮೇಡಂ ಆ ಕೈಗಳನ್ನೇ ನೋಡುತ್ತ ನಿಂತುಬಿಟ್ಟರಂತೆ. ಕೂತ್ಕೊಳ್ಳಿ ಮೇಡಂ ಎಂದರೂ ಕೂರಲಿಲ್ಲವಂತೆ. ಮಗುವಿನ ಎದೆಯ ಗುಳಿ ಕಡಿಮೆಯಾಗುವುದನ್ನು ತಾವೇ ಕಣ್ಣಾರೆ ಕಂಡು, ನಮ್ಮವರ ಭುಜ ತಟ್ಟಿ, ಮೆಟ್ಟಿಲಿಳಿದು ಹೋದರಂತೆ. ಅವರು ಅಷ್ಟು ವರ್ಷ ತೊಟ್ಟಿಯಲ್ಲಿ ನೋಡಿದ್ದನ್ನು ಮಗುವಿನ ಎದೆಯಲ್ಲಿ ನೋಡಿದ್ದು ಅದೇ ಮೊದಲು.

ಇಂಚರ ಮನೆಗೆ ಬಂದು ಸ್ವಲ್ಪ ಮೈದುಂಬಿಕೊಂಡ ಮೇಲೆ ಅಜ್ಜಿ ನೋಡಲು ಕೆಳಗಿಳಿದು ಬಂದರು. ಹಿಂದೆ ಮೇಡಂ. ಅಜ್ಜಿ ಗೋಡೆಗೊರಗಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಅದರ ಎದೆಯ ಮೇಲೆ ಅಂಗೈ ಇಟ್ಟರು. ಉಸಿರು ಏರಿಳಿಯುವುದನ್ನು ಅಂಗೈಯಲ್ಲೇ ನೋಡಿದರು. ಆಮೇಲೆ, "ಏನು ಔಷಧ ಹಾಕಿದ್ರವ್ವಾ ಇದಕ್ಕ?" ಎಂದು ಕೇಳಿದರು.

ನಾನು ಮೇಡಂ ಕಡೆ ನೋಡಿದೆ. ಅವರು ಹೊಸ್ತಿಲ ಆಚೆ ನಿಂತಿದ್ದರು, ಹೌದು ಎಂದೂ ಬೇಡ ಎಂದೂ ಸನ್ನೆ ಮಾಡಲಿಲ್ಲ. ನಾನು ಹೇಳಿಬಿಟ್ಟೆ. ದನದ ಶ್ವಾಸಕೋಶದಿಂದ ತೆಗೆದ ಔಷಧಿ, ಅದನ್ನು ಮಗುವಿನ ಗಂಟಲಿಗೆ ಬಿಟ್ಟರು, ಅದರಿಂದಲೇ ಉಸಿರು ಉಳಿಯಿತು ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ತಾಯಿ ಮಗಳನ್ನು ಒಂದು ಮಾಡುವ ಭಾರವೆಲ್ಲ ನನ್ನ ತಲೆಯ ಮೇಲಿದೆ ಎನಿಸಿ, "ನಿಮ್ಮ ಮಗಳು ಮಾಡಿದ ಕೆಲಸಾನೇ ಅಜ್ಜಿ ಇದು. ಇಂಥವರು ಇಲ್ದಿದ್ರೆ ನಮ್ಮ ಮಗು ಇರ್ತಿರ್ಲಿಲ್ಲ" ಎಂದು ಸೇರಿಸಿದೆ.

ಮೇಡಂ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಷ್ಟು ವರ್ಷ ಕಾದದ್ದು ಆ ಹೊತ್ತಿಗೆ ಕೈಗೆ ಬರುತ್ತಿತ್ತು. ಆದರೆ ಕರ್ಪೂರ ಓಡದ ನೀರನ್ನು ಚೆಲ್ಲಿ ಅಭ್ಯಾಸವಾದವರು ಅವರು.

"ಇಲ್ಲವ್ವಾ" ಎಂದರು. "ಆ ಔಷಧ ನಾ ಮಾಡಿದ್ದಲ್ಲ. ಯಾರ್ಯಾರೋ ಎಲ್ಲೆಲ್ಲೋ ಮಾಡಿದ್ದು. ನನ್ನ ಕೆಲಸಕ್ಕೂ ಈ ಕೂಸಿಗೂ ನೇರ ಸಂಬಂಧ ಇಲ್ಲ."

ನನಗೆ ಸಿಟ್ಟೇ ಬಂತು. ಅಜ್ಜಿ ತಲೆಯೆತ್ತಿ ಮಗಳನ್ನು ನೋಡಿದರು. "ಮತ್ತ ಇಷ್ಟು ವರ್ಷ ನೀ ಏನು ಮಾಡಿದಿ?"

"ಆ ಪೊರಿ ಯಾಕ ಕೆಡ್ತದ ಅಂತ ನೋಡಿದೆ."

"ನೋಡಿ?"

"ಸ್ವಲ್ಪ ತಿಳೀತು. ಪೂರಾ ತಿಳೀಲಿಲ್ಲ. ಮುಂದಿನವರು ನೋಡ್ತಾರ."

ಅಜ್ಜಿ ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಮಗುವಿನ ಹಣೆಗಿಟ್ಟು, ಅದನ್ನೆತ್ತಿ ನನ್ನ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ಎದ್ದರು. ಮೆಟ್ಟಿಲು ಹತ್ತುವಾಗ ಮಗಳ ಕೈ ಹಿಡಿದುಕೊಂಡರು. ಅದು ಹೊಸತೇನಲ್ಲ, ಮೆಟ್ಟಿಲಿಗೆ ಯಾವಾಗಲೂ ಹಿಡಿಯುತ್ತಿದ್ದರು.

ಮಾರನೆಯ ದಿನ ಬೆಳಿಗ್ಗೆ ನಾನು ಕಿವಿಗೊಟ್ಟು ಕೂತೆ. ದಪ್ಪ ದನಿಯ ಕುಕ್ಕರ್ ಕೂಗಿತು, ಹಿಂದೆಯೇ ಕೀರಲು ದನಿಯದು. ಅದರ ಮಾರನೆಯ ದಿನವೂ ಅಷ್ಟೆ. ಕಥೆಗಳಲ್ಲಿ ಆಗುವ ಹಾಗೆ ಮನೆಗಳಲ್ಲಿ ಆಗುವುದಿಲ್ಲ ಎಂದು ನಮ್ಮವರು ನನ್ನನ್ನು ರೇಗಿಸಿದರು. ಸತ್ಯ ಹೇಳಿ ಕೆಟ್ಟರಲ್ಲ ಮೇಡಂ ಎಂದು ನಾನು ಒಳಗೊಳಗೇ ಬೈದುಕೊಂಡೆ. ಕಾಗೆಗಳಿಗೆ ಹಬ್ಬ ನಡೆದೇ ಇತ್ತು.

ಹೀಗೆ ದಿನಗಳು ಕಳೆದವು. ಇಂಚರಳ ನಿದ್ದೆಗೆ ಆ ಎರಡು ಕುಕ್ಕರುಗಳೇ ಶತ್ರುಗಳು. ಮೊದಲನೆಯದಕ್ಕೆ ಕಣ್ಣು ಪಿಳುಕಿಸುತ್ತಿದ್ದಳು, ಎರಡನೆಯದಕ್ಕೆ ಬೆಚ್ಚಿ ಅಳುತ್ತಿದ್ದಳು. ಹಾಗಾಗಿ ಮೊದಲನೆಯದು ಕೂಗುತ್ತಲೇ ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟು ಎರಡನೆಯದಕ್ಕೆ ಸಿದ್ಧವಾಗಿರುತ್ತಿದ್ದೆ. ಒಂದು ಸೋಮವಾರ ಹೊತ್ತಾದರೂ ಮೊದಲನೆಯದು ಕೂಗದಿದ್ದಾಗ ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡೇ ಕಾದೆ. ಕೀರಲು ದನಿಯದು ಕೂಗಿ ನಿಂತಿತು. ಅದು ಮೇಡಂ ಅವರದು. ಅಜ್ಜಿಯದು ಕೂಗಲಿಲ್ಲ. ದಿನಾ ಅಜ್ಜಿಯದೇ ಮೊದಲು. ಬೆಳ್ಳುಳ್ಳಿಯ ವಾಸನೆಯೂ ಇಲ್ಲ. ಇಂಚರ ನಿದ್ದೆ ಮಾಡುತ್ತಲೇ ಇದ್ದಳು. ಅಜ್ಜಿಗೆ ಏನಾಯಿತೋ. ಅಷ್ಟು ವಯಸ್ಸಾದ ಜೀವ, ಸಕ್ಕರೆ ಕಾಯಿಲೆ ಬೇರೆ. ಮಗುವನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದಿತ್ತು. ಅಜ್ಜಿ ಊಟದ ಜಾಗದಲ್ಲಿ ಕೂತಿದ್ದರು, ಪೂಜೆ ಮುಗಿಸಿದ ಒದ್ದೆ ವಿಭೂತಿ ಇನ್ನೂ ಹಣೆಯಲ್ಲಿ ಆರಿರಲಿಲ್ಲ. ಮುಂದೆ ಒಂದೇ ತಟ್ಟೆ. ಚೊಂಬು ಪಕ್ಕಕ್ಕೆ ಸರಿದಿತ್ತು. ತಟ್ಟೆಯಲ್ಲಿ ಅನ್ನ, ಇಂಗಿನ ಒಗ್ಗರಣೆಯ ಸಾರು. ಮೇಡಂ ನಿಂತಿದ್ದರು, ಕೈಯಲ್ಲಿ ಸೌಟು. ಬಡಿಸುವುದು ಹೇಗೆಂದು ಮರೆತುಹೋದವರ ಹಾಗಿದ್ದರು. ಅಜ್ಜಿ ನನ್ನನ್ನು ಕಂಡು, "ಬಾರವ್ವಾ. ಕೂಸಿನ ಎದಿಗೆ ಹೋದದ್ದು ಶಿವಗ ಮೈಲಿಗಿ ಆಗಲಿಲ್ಲ. ನನಗ್ಯಾಕ ಬೇಕು ಅದರ ಉಸಾಬರಿ" ಎಂದರು. ಮಗಳ ಕಡೆ ನೋಡದೆ, "ಇಕಿ ಸುಳ್ಳು ಹೇಳ್ತಾಳ ಅಂದ್ಕೊಂಡಿದ್ದೆ. ಸುಳ್ಳು ಹೇಳೂ ಹೊತ್ತಿನಾಗೂ ಹೇಳಲಿಲ್ಲ" ಎಂದರು.

ನಾನು ಅಲ್ಲೇ ಕೂತೆ. ಅಜ್ಜಿ ಕಲಸಿದ ಒಂದು ತುತ್ತನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದರು. ಇನ್ನೊಂದು ತುತ್ತು ತಿಂದರು. ಆಮೇಲೆ ಮುಖ ಸಿಂಡರಿಸಿದರು.

"ಉಪ್ಪು ಕಡಿಮಿ ಆಗೇತಿ" ಎಂದರು. "ದಿನಾ ಅಳತಿ ಮಾಡೂ ಕೆಲಸದಾಕಿ ನೀನು. ನಾಳಿಗೆ ನೋಡಿ ಹಾಕು."

ನಾಳೆಗೆ ಎಂಬ ಆ ಮಾತು ಕೇಳಿ ಮೇಡಂ ಒಲೆಯ ಕಡೆ ತಿರುಗಿದರು. ಒಣಗೂದಲ ಆ ತಲೆ ಬಗ್ಗಿತ್ತು, ಭುಜಗಳು ಅಲುಗುತ್ತಿದ್ದವು. ಎದುರಿಗೇ ಮುಚ್ಚಳ ತೆಗೆದ ಸಾರಿನ ಪಾತ್ರೆ. ಅಳುವುದಿದ್ದರೆ ಹೊರಗೆ ಹೋಗಿ ಅಳಬೇಕು ಎನ್ನುತ್ತಿದ್ದವರು ಅಂದು ಹೊರಗೆ ಹೋಗಲಿಲ್ಲ.